ಏಳನೇ ಟವರಿನ ಕೆಂಪು ಗೆರೆ

ಹಲ್ಲಿ ತೀರಿಕೊಂಡು ಎರಡು ತಿಂಗಳಾಯಿತು. ಟವರಿನಿಂದ ಬಿದ್ದಲ್ಲ, ಸುದ್ದಿ ಕೇಳಿದವರೆಲ್ಲ ಮೊದಲು ಊಹಿಸುವುದು ಅದನ್ನೇ. ಕಾಮಾಲೆ ಉಲ್ಬಣಿಸಿ ಹದಿನೆಂಟು ದಿನ ಮಲಗಿದ್ದ. ನೂರ ಇಪ್ಪತ್ತು ಅಡಿ ಮೇಲೆ ಏನೂ ಆಗದವನು ನೆಲದಿಂದ ಒಂದೂವರೆ ಅಡಿ ಎತ್ತರದ ಮಂಚದ ಮೇಲೆ ಹೋದ.

ಅವನಿಗೆ ಆ ಹೆಸರು ಯಾರಿಟ್ಟರೋ ಯಾರಿಗೂ ನೆನಪಿಲ್ಲ. ಟವರಿನ ಕಂಬಿಗೆ ಅಂಟಿಕೊಂಡು, ಬೆಲ್ಟಿನ ಮೇಲೆ ಭಾರ ಬಿಟ್ಟು, ಎರಡೂ ಕೈ ಆಡಿಸುತ್ತ ನಿಂತಿರುವುದನ್ನು ಕಂಡರೆ ಬೇರೆ ಹೆಸರು ತೋಚುತ್ತಲೂ ಇರಲಿಲ್ಲ. ಅದೇ ಮನುಷ್ಯ, ಮನೆಯಲ್ಲಿ ಬಲ್ಬು ಹಾಕಲು ಸ್ಟೂಲ್ ಹತ್ತು ಎಂದರೆ, "ಬಿದ್ದು ಸೊಂಟ ಮುರಿದ್ರೆ ಯಾರು ನೋಡ್ಕೋತಾರೆ?" ಎಂದು ಹಿಂದೆ ಸರಿಯುತ್ತಿದ್ದ.

ಹದಿನೇಳು ವರ್ಷ ಅವನ ಜೊತೆ ಕೆಳಗೆ ನಿಂತವನನ್ನು ಎಲ್ಲರೂ ಮೀಟರ್ ಎಂದು ಕರೆಯುತ್ತಿದ್ದರು. ಮೊದಲು ಇಬ್ಬರೂ ಬರೀ ಗೆಳೆಯರು. ಆಮೇಲೆ ಮೀಟರ್ ಹಲ್ಲಿಯ ಅಕ್ಕನನ್ನು ಮದುವೆಯಾದ. ಅಂದಿನಿಂದ ಹಲ್ಲಿ ಅವನನ್ನು ಭಾವ ಎಂದ, ಬಹುವಚನ ಹಚ್ಚಿದ, ಕಾಲೆಳೆಯುವುದನ್ನು ಮಾತ್ರ ಬಿಡಲಿಲ್ಲ.

ನದಿಯ ಮೇಲ್ಭಾಗದಲ್ಲಿ ಅಲ್ಲಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರುಗಳಿವೆ. ಒಂದೊಂದರ ಪಕ್ಕದಲ್ಲೂ ಒಂದು ಟವರು, ಟವರಿನ ತುದಿಯಲ್ಲಿ ಅಗಲ ತಟ್ಟೆಯಂಥ ಆಂಟೆನಾ. ಸೆನ್ಸರು ಕಂಡದ್ದನ್ನು ತಟ್ಟೆ ಎದುರಿನ ಗುಡ್ಡಕ್ಕೆ ದಾಟಿಸುತ್ತದೆ, ಗುಡ್ಡದಿಂದ ಅದು ಕಂಟ್ರೋಲ್ ರೂಮಿಗೆ ಹೋಗುತ್ತದೆ. ನೀರು ಏರಿದರೆ ಅಲ್ಲಿಂದಲೇ ಸೈರನ್ ಕೂಗಿಸಿ ಹೊಳೆಯಂಚಿನ ಬೀದಿಗಳನ್ನು ಖಾಲಿ ಮಾಡಿಸುತ್ತಾರೆ. ತಟ್ಟೆ ನಾಲ್ಕೂ ಕಡೆ ಕೂಗುವುದಿಲ್ಲ. ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಒಬ್ಬನನ್ನೇ ಕರೆದ ಹಾಗೆ, ಒಂದೇ ದಿಕ್ಕಿಗೆ. ಅದಕ್ಕೇ ಅದು ದೂರಕ್ಕೆ ಕೇಳಿಸುತ್ತದೆ, ಅದಕ್ಕೇ ಮುಖ ಚೂರು ಆಚೀಚೆಯಾದರೂ ಕೆಡುತ್ತದೆ.

ಆ ಮುಖ ಕೂರಿಸುವುದೇ ಇವರಿಬ್ಬರ ಕೆಲಸ. ಹಲ್ಲಿ ಮೇಲೆ ತಟ್ಟೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾನೆ. ಆದರೆ ಸಿಗ್ನಲ್ ಎಷ್ಟು ಬಂತೆಂದು ಅವನಿಗೆ ಕಾಣುವುದಿಲ್ಲ. ಕಾಣುವುದು ಟವರಿನ ಬುಡದ ಪೆಟ್ಟಿಗೆಗೆ ಮೀಟರು ಸಿಕ್ಕಿಸಿ ಕೂತವನಿಗೆ. ಅವನು ವಾಕಿಟಾಕಿಯಲ್ಲಿ ನಂಬರು ಹೇಳುತ್ತ ಹೋಗುತ್ತಾನೆ. ನಂಬರು ಇಳಿದಷ್ಟೂ ಸಿಗ್ನಲ್ ಜೋರು. ಎಂಬತ್ತು ಎಂದರೆ ಕಳಪೆ, ಅರವತ್ತರ ಒಳಗೆ ಬಂದರೆ ಹಬ್ಬ. ಮೇಲಿನವನು ಕೆಳಗಿನವನ ಬಾಯಿ ನಂಬಿ ಕೈ ಆಡಿಸಬೇಕು, ಕೆಳಗಿನವನು ಮೇಲಿನವನ ಕೈ ನಂಬಿ ಸಹಿ ಹಾಕಬೇಕು. ತಟ್ಟೆ ಕೂತ ಮೇಲೆ ಹಲ್ಲಿ ನಟ್ಟು ಬಿಗಿದು, ನಟ್ಟಿನಿಂದ ತಟ್ಟೆ ಹಿಡಿದ ಲೋಹದ ಪಟ್ಟಿಯವರೆಗೆ ಅಡ್ಡಲಾಗಿ ಒಂದು ಕೆಂಪು ಗೆರೆ ಎಳೆಯುತ್ತಿದ್ದ. ಮುಂದೆ ಯಾರಾದರೂ ನಟ್ಟು ಮುಟ್ಟಿದರೆ ಗೆರೆ ಒಡೆಯುತ್ತದೆ. ಆಫೀಸು ಕೊಡುವ ಪೇಂಟು ಒಣಗಲು ಅರ್ಧ ಗಂಟೆ ಬೇಕು. ಹಲ್ಲಿ ಬಳಸುತ್ತಿದ್ದುದು ಅಕ್ಕನ ನೇಲ್ ಪಾಲಿಶ್.

ನಾಲ್ಕು ವರ್ಷದ ಹಿಂದೆ, ಮಳೆಗಾಲಕ್ಕೆ ಮೂರು ವಾರ ಇರುವಾಗ, ಇಂಜಿನಿಯರ್ ಮೀಟರನ್ನು ಒಳಗೆ ಕರೆದರು.

"ಕೂತ್ಕೊಳ್ಳಿ."

ಅಷ್ಟು ವರ್ಷದಲ್ಲಿ ಅವರು ಆ ಮಾತು ಹೇಳಿದ್ದೇ ಇಲ್ಲ. ಮೀಟರ್ ಕುರ್ಚಿಯ ತುದಿಯಲ್ಲಿ ಕೂತ.

"ಏಳನೇ ಟವರ್ ದಿನಾ ಮಧ್ಯಾಹ್ನ ಕೈ ಕೊಡ್ತಿದೆ. ಗೊತ್ತಲ್ವಾ?"

"ಗೊತ್ತು ಸಾರ್. ಬಿಸಿಲೇರಿದ ಮೇಲೆ ಸ್ವಲ್ಪ..."

"ಬಿಸಿಲು ಎಲ್ಲಾ ಟವರಿಗೂ ಒಂದೇ ತಾನೇ? ಹೋಗ್ಲಿ ಬಿಡಿ. ಮೊನ್ನೆ ಭಾನುವಾರ ಹನ್ನೊಂದೂವರೆಗೆ ಪೂರ್ತಿ ಸತ್ತುಹೋಯ್ತು. ಆರು ನಿಮಿಷ. ಆಮೇಲೆ ತಾನಾಗೇ ಬಂತು. ತಾನಾಗೇ ಬಂದು ತಾನಾಗೇ ಹೋಗೋದು ಜ್ವರ ಕಣ್ರೀ, ಸಿಗ್ನಲ್ ಅಲ್ಲ." ಇಂಜಿನಿಯರ್ ಪೆನ್ನಿನ ಮುಚ್ಚಳ ತೆಗೆದು ಹಾಕಿದರು. "ಕಾವಲುಗಾರನ್ನ ಕೇಳಿದೆ. ಆಗ ಮೇಲಿದ್ದದ್ದು ನಿಮ್ಮ ಬಾಮೈದ. ಒಬ್ಬನೇ. ಅದೂ ಮೊದಲನೇ ಸಲ ಅಲ್ವಂತೆ."

ಟವರಿಗೆ ಒಬ್ಬನೇ ಹತ್ತುವಂತಿಲ್ಲ. ರಜಾ ದಿನ ಹತ್ತುವಂತೆಯೇ ಇಲ್ಲ.

ಇಂಜಿನಿಯರ್ ಒಂದು ಫಾರಂ ಮುಂದೆ ತಳ್ಳಿದರು. "ನಿಮಗೆ ಕಂಡದ್ದು ಬರೀರಿ. ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮೇಲಿರ್ಬೇಕು. ಬರೆದ್ರೆ ಅವನೊಬ್ಬ ಮನೆಗೆ ಹೋಗ್ತಾನೆ. ಬರೀದಿದ್ರೆ ಇಬ್ಬರೂ."

ಫಾರಂ ನಾಲ್ಕು ಮಡಿಕೆಯಾಗಿ ಅಂಗಿಯ ಜೇಬು ಸೇರಿತು. ಆ ಹೊತ್ತಿನಿಂದ ಮೀಟರ್ ಹಲ್ಲಿಯನ್ನು ನೋಡುವ ಕಣ್ಣು ಬದಲಾಯಿತು.

ಸಂಜೆ ಸ್ಟೋರಿನ ಮೆಟ್ಟಿಲ ಮೇಲೆ ಹಲ್ಲಿ ಕೂತು ಬೆಲ್ಟಿನ ಹೊಲಿಗೆ ಪರೀಕ್ಷಿಸುತ್ತಿದ್ದ. ಪಕ್ಕದಲ್ಲಿ ಕಾಗದದ ಪೊಟ್ಟಣದಲ್ಲಿ ಹುರಿದ ಕಡಲೆಕಾಯಿ.

"ಭಾನುವಾರ ಎಲ್ಲಿದ್ಯೋ? ಫೋನೂ ತೆಗೀಲಿಲ್ಲ."

"ಹಲ್ಲುನೋವು ಭಾವ. ಇಡೀ ದಿನ ಮುಸುಕು ಹಾಕ್ಕೊಂಡು ಮಲಗಿದ್ದೆ." ಇಷ್ಟು ಹೇಳಿ ಒಂದು ಕಡಲೆಕಾಯಿಯನ್ನು ದವಡೆಗೆ ಸಿಕ್ಕಿಸಿ ಪಟ್ಟೆಂದು ಒಡೆದ.

"ಯಾವ ಹಲ್ಲು?"

ಹಲ್ಲಿ ಅಗಿಯುವುದನ್ನು ನಿಲ್ಲಿಸಿದ. "ಅದು... ಈಗ ಹೋಯ್ತು ಬಿಡಿ."

ಸುಳ್ಳು ಹೇಳಲು ಬಾರದವನು ಸುಳ್ಳು ಹೇಳಿದರೆ ಹೆಚ್ಚು ಹೆದರಿಕೆಯಾಗುತ್ತದೆ. ಇಷ್ಟು ವರ್ಷ ಹೇಳಿದ್ದರಲ್ಲಿ ಇನ್ನೆಷ್ಟು ಹೀಗೆ ಎಂದು ಹಿಂದಿನದನ್ನೆಲ್ಲ ಕೆದಕಬೇಕೆನಿಸುತ್ತದೆ. ಮೀಟರ್ ಮನೆಗೆ ಹೋಗುವ ದಾರಿಯುದ್ದಕ್ಕೂ ಕೆದಕಿದ. ಹೋದ ತಿಂಗಳು ಹಲ್ಲಿ ಏಳನೇ ಟವರಿನ ಮಾತು ಬಂದಾಗೆಲ್ಲ ವಿಷಯ ಬದಲಿಸಿದ್ದ. ಹಳೆಯ ಫಾರಂಗಳ ಕಪಾಟಿನ ಬೀಗದಕೈ ಕೇಳಿದ್ದ, ಯಾಕೆಂದರೆ "ಸುಮ್ನೆ" ಎಂದಿದ್ದ. ಇಲಾಖೆಯ ಟವರುಗಳನ್ನೆಲ್ಲ ಹೊರಗಿನ ಕಂಪನಿಯವರಿಗೆ ಒಪ್ಪಿಸುತ್ತಾರಂತೆ ಎಂಬ ಗುಸುಗುಸು ಎದ್ದು ಆಗಲೇ ಆರು ತಿಂಗಳು. ಇಲಾಖೆಯ ಕೆಲಸ ಕೆಟ್ಟಷ್ಟೂ ಹೊರಗಿನವರಿಗೆ ದಾರಿ ಸಲೀಸು. ಅವರಿಗೂ ಟವರು ಹತ್ತುವವನು ಬೇಕು. ನಂಬರು ಓದುವವರು ಬೀದಿಗೊಬ್ಬರು ಸಿಕ್ಕಾರು.

ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ಮೀಟರ್ ಕನ್ನಡಿಯ ಮುಂದಿನ ಹಲಗೆ ನೋಡಿದ. "ನಿನ್ನ ಕೆಂಪು ಬಾಟ್ಲಿ ಎಲ್ಲಿ?"

"ಯಾಕ್ರೀ, ನೀವು ಹಚ್ಕೋತೀರಾ?"

"ಹೇಳೇ."

"ತಮ್ಮ ಒಯ್ದ. ಭಾನುವಾರ ಬೆಳಿಗ್ಗೆ ಬಂದಿದ್ದ, ನೀವು ಅಂಗಡಿಗೆ ಹೋಗಿದ್ರಿ. ಮುಚ್ಚಳ ಗಟ್ಟಿಯಾಗಿ ಹಾಕೋ ಅಂತ ಸಾವಿರ ಸಲ ಹೇಳಿದೀನಿ. ಒಣಗಿಸಿ ತಂದಿಡ್ತಾನೆ. ಊರಿನ ನಟ್ಟೆಲ್ಲ ಬಿಗೀತಾನೆ, ಇದೊಂದು ಮುಚ್ಚಳ ಬಿಗಿಯಕ್ಕಾಗಲ್ಲ."

ಮುಸುಕು ಹಾಕಿಕೊಂಡು ಮಲಗಿದ್ದವನು ನೇಲ್ ಪಾಲಿಶ್ ತೆಗೆದುಕೊಂಡು ಎಲ್ಲಿಗೆ ಹೋದ? ಮೀಟರ್ ಕೇಳಲಿಲ್ಲ. ಮೂರು ತಿಂಗಳ ಹಿಂದಷ್ಟೇ ಹೊಟ್ಟೆಯ ಆಪರೇಷನ್ ಆಗಿ ಚೇತರಿಸಿಕೊಳ್ಳುತ್ತಿದ್ದವಳು. ತಮ್ಮನ ಮೇಲಿನ ಅನುಮಾನವನ್ನು ಅವಳ ತಲೆಗೆ ತುರುಕುವುದು ಹೇಗೆ?

ಶುಕ್ರವಾರ ಮೂರನೇ ಟವರಿನ ಕೆಲಸ ಮುಗಿಸಿ ಬರುವಾಗ ಜೀಪು ಏಳನೆಯದರ ಪಕ್ಕದಲ್ಲೇ ಹಾದುಹೋಗಬೇಕಿತ್ತು. ರೇಡಿಯೇಟರಿಗೆ ನೀರು ಹಾಕುತ್ತೇನೆಂದು ಮೀಟರ್ ಅಲ್ಲಿ ನಿಲ್ಲಿಸಿದ. ಹಲ್ಲಿ ಸೀಟಿಗೆ ತಲೆ ಆನಿಸಿ ಬಾಯಿ ತೆರೆದು ನಿದ್ದೆ ಹೋಗಿದ್ದ. ಮೀಟರ್ ಬೈನಾಕ್ಯುಲರ್ ತೆಗೆದು ಟವರಿನ ತುದಿಗೆ ಹಿಡಿದ.

ಕೆಂಪು ಗೆರೆ ಇತ್ತು, ಒಡೆದಿರಲಿಲ್ಲ. ಆದರೆ ಅದರ ಪಕ್ಕದಲ್ಲೇ, ಬಿಸಿಲಿಗೆ ಬಿಳುಚಿದ ಇನ್ನೊಂದು ಗೆರೆಯ ತುಂಡು ಪಟ್ಟಿಯ ಮೇಲಿತ್ತು. ಅದರ ಉಳಿದರ್ಧ ನಟ್ಟಿನ ಮೇಲೆ ಬೇರೆ ಕಡೆಗೆ ಹೊರಳಿತ್ತು. ನಟ್ಟು ಸಡಿಲಿಸಿದ್ದಾರೆ, ಮತ್ತೆ ಬಿಗಿದಿದ್ದಾರೆ, ಏನೂ ಆಗಿಲ್ಲವೆಂಬಂತೆ ಹೊಸ ಗೆರೆ ಎಳೆದಿದ್ದಾರೆ. ಎಳೆದದ್ದು ತನ್ನ ಮನೆಯ ಕನ್ನಡಿಯ ಮುಂದಿದ್ದ ಬಾಟಲಿಯಿಂದ.

ಮೀಟರ್ ಜೀಪಿಗೆ ಮರಳಿ, ನಿದ್ದೆ ಹೋದವನ ಮುಖವನ್ನು ಕಳ್ಳನ ಮುಖ ನೋಡಿದ ಹಾಗೆ ನೋಡಿದ. ಗಲ್ಲದ ಮೇಲೆ ಗ್ರೀಸಿನ ಮಚ್ಚೆ. ಇಷ್ಟು ನಿಶ್ಚಿಂತೆಯಿಂದ ಹೇಗೆ ನಿದ್ದೆ ಬರುತ್ತದೆ ಇವನಿಗೆ?

"ನೀರು ಹಾಕಿದ್ರಾ?" ಕಣ್ಣು ತೆರೆಯದೆಯೇ ಹಲ್ಲಿ ಕೇಳಿದ.

"ಹಾಕ್ದೆ."

"ಬಾನೆಟ್ ಎತ್ತಿದ ಸದ್ದೇ ಬರ್ಲಿಲ್ಲ."

ಮೀಟರ್ ಕೀಲಿ ತಿರುಗಿಸಿ ಜೀಪು ಹೊರಡಿಸಿದ.

ಶನಿವಾರ ಮೀಟರ್ ಫಾರಂ ಬಿಡಿಸಿ ಊಟದ ಮೇಜಿನ ಮೇಲಿಟ್ಟುಕೊಂಡ. 'ಏಳನೇ ಟವರಿನ ನಟ್ಟನ್ನು ಅನುಮತಿಯಿಲ್ಲದೆ ಸಡಿಲಿಸಿರುವುದು ನನ್ನ ಗಮನಕ್ಕೆ ಬಂದಿದೆ' ಎಂದು ಬರೆದ. ಯಾರು ಎಂಬ ಕಡೆ ಪೆನ್ನು ನಿಂತಿತು. ಬರೆದರೆ ಹದಿಮೂರು ವರ್ಷದ ಜೋಡಿ ಮುರಿಯುತ್ತದೆ, ಹೆಂಡತಿಯ ತವರಿನ ಬಾಗಿಲು ಮುಚ್ಚುತ್ತದೆ. ಬರೆಯದಿದ್ದರೆ ತನ್ನ ಅನ್ನವೂ ಹೋಗುತ್ತದೆ. ಅದಕ್ಕಿಂತ ದೊಡ್ಡದು, ಮಳೆ ಶುರುವಾದ ಮೇಲೆ ಏಳನೆಯದು ಆರು ನಿಮಿಷ ಸತ್ತರೆ ಹೊಳೆಯಂಚಿನ ಬೀದಿಗಳಿಗೆ ಸೈರನ್ ಕೂಗುವವರಿಲ್ಲ. ಕಣ್ಣಾರೆ ಕಂಡೇ ಬರೆಯುತ್ತೇನೆ ಎಂದುಕೊಂಡು ಫಾರಂ ಮಡಿಸಿದ.

ಭಾನುವಾರ ಬೆಳಿಗ್ಗೆ ಹಲ್ಲಿಯ ಸ್ಕೂಟರ್ ಮನೆಯ ಮುಂದೆ ಹಾದು ಹೋದ ಕಾಲು ಗಂಟೆಗೆ ಮೀಟರ್ ಚೀಲ ಹೆಗಲಿಗೇರಿಸಿ ಬೈಕ್ ಹತ್ತಿದ. ಚೀಲದಲ್ಲಿ ಬೈನಾಕ್ಯುಲರ್, ವಾಕಿಟಾಕಿ, ಮೀಟರು. ಮೀಟರು ಬೇಕೆಂದಲ್ಲ, ಅದು ಆ ಚೀಲದಿಂದ ಹೊರಗೆ ಬಂದದ್ದೇ ಕಡಿಮೆ.

ಏಳನೇ ಟವರಿನ ಗೇಟಿನಲ್ಲಿ ಕಾವಲುಗಾರ ಎದ್ದು ನಿಂತ. "ಇವತ್ತು ಇಬ್ರೂ ಬಂದ್ರಾ? ಸದ್ಯ. ಅವರೊಬ್ರೇ ಮೇಲೆ ಕೂತು ಆಕಾಶಕ್ಕೆ ಮುಷ್ಟಿ ತೋರಿಸ್ತಿದ್ರೆ ನಂಗೆ ಭಯ ಆಗುತ್ತೆ ಸಾರ್."

ಮೀಟರ್ ಗೋಡೆಯ ಮರೆಯಲ್ಲಿ ನಿಂತು ಬೈನಾಕ್ಯುಲರ್ ಎತ್ತಿದ. ಹಲ್ಲಿ ತಟ್ಟೆಯ ಹಿಂದೆ ಕೂತಿದ್ದ. ಬಲಗೈ ನೀಳವಾಗಿ ಚಾಚಿ, ಮುಷ್ಟಿ ಕಟ್ಟಿ, ಒಂದು ಕಣ್ಣು ಮುಚ್ಚಿ ಎದುರಿನ ಗುಡ್ಡವನ್ನು ಅಳೆಯುತ್ತಿದ್ದ. ಅದು ಅವನ ಹಳೆಯ ಅಭ್ಯಾಸ. ಕೈ ಚಾಚಿದರೆ ಮುಷ್ಟಿಗೆ ಹತ್ತು ಡಿಗ್ರಿ, ಕಿರುಬೆರಳಿಗೆ ಒಂದು. ಅಕ್ಕನ ಮದುವೆಯ ಫೋಟೋ ತೆಗೆಯುವಾಗಲೂ "ಭಾವ ಅರ್ಧ ಮುಷ್ಟಿ ಎಡಕ್ಕೆ" ಎಂದು ಎಲ್ಲರನ್ನೂ ನಗಿಸಿದವನು. ಇವತ್ತು ನಗು ಬರಲಿಲ್ಲ. ಹಲ್ಲಿ ಮುಷ್ಟಿ ಇಳಿಸಿ ಸೊಂಟದ ಸ್ಪ್ಯಾನರ್ ತೆಗೆದ.

ಮೀಟರ್ ವಾಕಿಟಾಕಿಯ ಗುಂಡಿ ಒತ್ತಿದ. "ಮೇಲೆ ಏನೋ ಮಾಡ್ತಿದೀಯಾ?"

ಸ್ಪ್ಯಾನರ್ ಕೈ ಜಾರಿ ಹಗ್ಗದ ತುದಿಯಲ್ಲಿ ನೇತಾಡಿತು. ಆಮೇಲೆ ಹಲ್ಲಿಯ ದನಿ ಬಂತು.

"ಭಾವ... ಮೀಟರ್ ತಂದಿದೀರಾ?"

"ಇಳಿ ಕೆಳಗೆ! ಹಲ್ಲುನೋವು ಅಂತೀಯ, ಗೆರೆ ಒಡೆದು ಹೊಸ ಗೆರೆ ಎಳೀತೀಯ. ಯಾರು ಹೇಳಿ ಮಾಡಿಸ್ತಿದಾರೆ ಇದನ್ನ?"

"ಇಳೀತೀನಿ. ಅದಕ್ಕೆ ಮೊದ್ಲು ಮೀಟರ್ ಸಿಕ್ಕಿಸಿ ನಂಬರ್ ಹೇಳಿ. ಒಂದೇ ಸಲ. ನಿಮ್ಮ ಕಾಲಿಗೆ ಬೀಳ್ತೀನಿ, ಇಲ್ಲಿಂದ್ಲೇ."

ಮೀಟರ್ ಬುಡದ ಪೆಟ್ಟಿಗೆ ತೆರೆದು ಕೇಬಲ್ ಸಿಕ್ಕಿಸಿದ. ಕಣ್ಣಾರೆ ಕಾಣಲು ಬಂದದ್ದಲ್ಲವೆ, ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

"ಎಪ್ಪತ್ತಾರು," ಎಂದ.

"ಈಗ ಬಲಕ್ಕೆ ತಿರುಗಿಸ್ತೀನಿ."

"ಎಪ್ಪತ್ತೊಂಬತ್ತು. ಎಂಬತ್ಮೂರು. ಕೆಡ್ತಾ ಇದೆ ಕಣೋ, ನಿಲ್ಸು."

"ಹೇಳ್ತಾ ಹೋಗಿ."

"ಎಂಬತ್ತೊಂಬತ್ತು. ಲೋ, ಹೋಯ್ತು! ಪೂರ್ತಿ ಹೋಯ್ತು! ವಾಪಸ್ ತಿರುಗ್ಸೋ, ಕಣ್ಣೆದುರಿಗೇ ಸಾಯಿಸ್ತಿದೀಯಲ್ಲೋ!"

"ಇಲ್ಲೇ ಭಾವ, ಹೋದ್ವಾರ ಇಲ್ಲೇ. ಲೈನ್ ಸತ್ತಾಗ ಉರಿಯೋ ತಟ್ಟೆ ಹಿಂದಿನ ದೀಪ ಕೆಂಪಾಯ್ತು, ಹೆದರಿ ವಾಪಸ್ ತಿರುಗಿಸಿಬಿಟ್ಟೆ. ಕೆಳಗೆ ಹೇಳೋರು ಯಾರೂ ಇರ್ಲಿಲ್ಲ. ಇನ್ನೂ ಚೂರು ಹೋಗ್ತೀನಿ. ನೋಡ್ತಾ ಇರಿ."

ಮೀಟರಿನ ಪರದೆ ಖಾಲಿಯಾಗಿತ್ತು. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಪರದೆಯಲ್ಲಿ ಎಂಬತ್ತೇಳು ಮೂಡಿತು. ಎಪ್ಪತ್ತೆಂಟು. ಅರವತ್ತೊಂಬತ್ತು. ನಂಬರು ಓದುವ ಅಭ್ಯಾಸಬಲದಿಂದ ಬಾಯಿ ಹೇಳುತ್ತಲೇ ಹೋಯಿತು. ಅರವತ್ತೆರಡು. ಐವತ್ತೆಂಟು. ಐವತ್ತೆಂಟು. ಐವತ್ತೊಂಬತ್ತು.

"ಅರ್ಧ ಕಿರುಬೆರಳು ಹಿಂದಕ್ಕೆ," ಎಂದ. "ಐವತ್ತೆಂಟು. ಅಲ್ಲೇ."

ತಟ್ಟೆಯನ್ನು ತಿರುಗಿಸುತ್ತ ಹೋದರೆ ನಿಜವಾದ ದಿಕ್ಕಿನ ಎರಡೂ ಪಕ್ಕದಲ್ಲಿ ಒಂದೊಂದು ಸಣ್ಣ ಸುಳ್ಳು ಜೋರು ಸಿಗುತ್ತದೆ. ನಡುವೆ ಏನೂ ಕೇಳಿಸದ ಜಾಗ. ಸುಳ್ಳು ಜೋರಿನಲ್ಲೇ ಬಿಗಿದರೂ ಕೆಲಸ ನಡೆಯುತ್ತದೆ, ಕಷ್ಟಪಟ್ಟು, ಬಿಸಿಲೇರುವವರೆಗೆ. ಅದಕ್ಕೇ ತಟ್ಟೆಯನ್ನು ಆ ತುದಿಯಿಂದ ಈ ತುದಿಗೆ ಪೂರ್ತಿ ಹಾಯಿಸಿ ನೋಡಬೇಕು. ನೋಡಿದೆವೆಂದು ಕೆಲಸದ ಫಾರಮ್ಮಿನಲ್ಲಿ ಒಂದು ಸಾಲೇ ಇದೆ. ಅದರ ಮುಂದೆ ಸಹಿ ಹಾಕಬೇಕಾದವನು ಕೆಳಗಿನವನು.

ಏಳನೇ ತಟ್ಟೆಯನ್ನು ಕೂರಿಸಿದ ದಿನ ಮೀಟರಿಗೆ ಈಗ ಒಮ್ಮೆಲೇ ನೆನಪಾಯಿತು. ಮಂಜು ಕವಿದು ಎದುರಿನ ಗುಡ್ಡ ಕಾಣುತ್ತಿರಲಿಲ್ಲ. ಮಾರನೆಯ ದಿನ ಇದ್ದ ಹೆಂಡತಿಯ ಆಪರೇಷನ್ ಇವತ್ತೇ ಮಾಡುತ್ತಾರೆ, ಕೂಡಲೇ ಬನ್ನಿ ಎಂದು ಆಸ್ಪತ್ರೆಯಿಂದ ಫೋನ್ ಬಂದಿತ್ತು. ಎಪ್ಪತ್ತಾರು ಕಂಡ ಕೂಡಲೇ "ಮಂಜಿಗೆ ಇಷ್ಟೇ, ಬಿಗಿ" ಎಂದವನು ತಾನು. "ಆ ಕಡೆ ಒಂದ್ಸಲ ನೋಡ್ಲಾ?" ಎಂದು ಹಲ್ಲಿ ಕೇಳಿದ್ದ. ಬೇಡವೆಂದು ಹೇಳಿ, ಆಸ್ಪತ್ರೆಯ ಮೆಟ್ಟಿಲ ಮೇಲೆ ಆ ಸಾಲಿನ ಮುಂದೆ ಸಹಿ ಹಾಕಿದ್ದ. ಹಳೆಯ ಫಾರಂಗಳ ಬೀಗದಕೈ ಹಲ್ಲಿಗೆ ಯಾಕೆ ಬೇಕಿತ್ತೆಂದು ಈಗ ತಿಳಿಯಿತು.

"ಯಾಕೋ ಹೇಳ್ಲಿಲ್ಲ ನನಗೆ?"

"ಹೇಳಿದ್ರೆ ನೀವು ನೆಟ್ಟಗೆ ಹೋಗಿ ಒಪ್ಕೋತೀರಿ. ನಿಮ್ಮ ಸಹಿ ಇದೆ, ಕೆಲಸ ಹೋಗುತ್ತೆ. ಅಕ್ಕನ ಔಷಧಿ ಇನ್ನೂ ನಡೀತಿದೆ. ಸದ್ದಿಲ್ದೆ ಸರಿ ಮಾಡ್ಬಿಡೋಣ ಅಂದ್ಕೊಂಡೆ. ಅವತ್ತು ನಂಗೂ ಬೇಗ ಇಳೀಬೇಕಿತ್ತು ಭಾವ. ಅವಳು ನನಗೂ ಅಕ್ಕ ತಾನೇ? ಅದಕ್ಕೇ ಇನ್ನೊಂದ್ಸಲ ಕೇಳ್ಲಿಲ್ಲ."

ಅಷ್ಟರಲ್ಲಿ ಅವರಿಬ್ಬರ ವಾಕಿಟಾಕಿ ಚಾನಲ್ಲಿಗೆ ಮೂರನೇ ದನಿ ಬಂದು ಸೇರಿತು. ಕಂಟ್ರೋಲ್ ರೂಮಿನ ಆಪರೇಟರ್ ಮೇಡಂ. "ಏಳು, ಏಳು. ಎರಡು ನಿಮಿಷ ನೀವು ಸತ್ತೇಹೋಗಿದ್ರಿ. ಈಗ ನೋಡಿದ್ರೆ ಹುಟ್ಟಿದಾಗಿಂದ ಇಲ್ಲದ ಸಿಗ್ನಲ್ ಬರ್ತಿದೆ. ಮೇಲೆ ಯಾರದು? ಇಂಜಿನಿಯರ್ ಸಾಹೇಬ್ರೂ ಲೈನಲ್ಲಿದಾರೆ."

"ಮೇಡಂ, ನಾನು ಹಲ್ಲಿ. ಏಳರದ್ದು ತಪ್ಪು ಪೂರ್ತಿ ನಂ..."

ಅವರ ಸೆಟ್ಟುಗಳಲ್ಲಿ ಮಾತಾಡುವವನು ಗುಂಡಿ ಬಿಟ್ಟ ಕ್ಷಣ ಇನ್ನೊಬ್ಬನು ಒತ್ತಿ ಹಿಡಿದರೆ ಉಳಿದವರೆಲ್ಲ ಕೇಳಬೇಕಷ್ಟೆ. ಹಲ್ಲಿಗೆ ಒಂದು ಕೆಟ್ಟ ಅಭ್ಯಾಸವಿತ್ತು, ಮಾತಿನ ಕೊನೆ ಮುಗಿಯುವ ಮೊದಲೇ ಬೆರಳು ತೆಗೆಯುವುದು. ಅದಕ್ಕಾಗಿ ಮೀಟರ್ ಹದಿಮೂರು ವರ್ಷ ಬೈದಿದ್ದ. ಈಗ ಆ ಸಂದಿಯಲ್ಲಿ ತನ್ನ ಗುಂಡಿ ಒತ್ತಿ, ಹೆಬ್ಬೆರಳು ಬೆಳ್ಳಗಾಗುವಷ್ಟು ಗಟ್ಟಿಯಾಗಿ ಹಿಡಿದ.

"ಸಾರ್, ನಾನು ಮೀಟರ್. ಏಳನೇ ತಟ್ಟೆಯನ್ನ ಪೂರ್ತಿ ಹಾಯಿಸಿ ನೋಡದೆ ಸಹಿ ಹಾಕಿದವನು ನಾನು. ಬೇಗ ಹೋಗ್ಬೇಕಿತ್ತು. ಅವನು ಕೇಳಿದ್ದ, ನಾನು ಬೇಡ ಅಂದೆ. ಇವತ್ತು ಸರಿಯಾಗಿದೆ. ನಾಳೆ ಬೆಳಿಗ್ಗೆ ಫಾರಂ ತರ್ತೀನಿ, ಅದರಲ್ಲಿ ಇದನ್ನೇ ಬರೆದಿರ್ತೀನಿ." ಹೇಳುವುದು ಮುಗಿದ ಮೇಲೂ ಅವನು ಗುಂಡಿ ಬಿಡಲಿಲ್ಲ. ಮೇಲೆ ಹಲ್ಲಿ ಕೈಬೀಸಿ ಏನೇನೋ ಕೂಗುತ್ತಿದ್ದ. ಒಂದಕ್ಷರವೂ ಕೇಳಿಸಲಿಲ್ಲ.

ಇಳಿದು ಬಂದವನು ಹೆಲ್ಮೆಟ್ಟನ್ನು ನೆಲಕ್ಕೆ ಎಸೆದ. "ಯಾರಾದ್ರೂ ಹಿಂಗೆ ಒಪ್ಕೋತಾರಾ? ಮೂರು ಭಾನುವಾರ ದಂಡ ಮಾಡ್ಬಿಟ್ರಲ್ಲ!"

"ಈ ವಾರವೆಲ್ಲ ನಾನು ನಿನ್ನನ್ನ ಕಳ್ಳ ಅಂದ್ಕೊಂಡಿದ್ದೆ ಕಣೋ."

"ಗೊತ್ತು. ರೇಡಿಯೇಟರಿಗೆ ನೀರೇ ಹಾಕಿರ್ಲಿಲ್ಲ ನೀವು." ಹಲ್ಲಿ ಕೂತು ಬೂಟಿನ ಲೇಸು ಬಿಚ್ಚತೊಡಗಿದ. "ನಾನೂ ಅದನ್ನೇ ಅಂದ್ಕೋತಿದ್ದೆ ಬಿಡಿ. ಭಾವ ಬೇಕಂತ್ಲೇ ನಂಬರ್ ಸುಳ್ಳು ಹೇಳಿದ್ರಾ ಅಂತ. ಒಂದು ದಿನ ಪೂರ್ತಿ. ಆಮೇಲೆ ಹಳೇ ಫಾರಮ್ಮಿನ ತಾರೀಖು ನೋಡ್ದೆ, ಅಕ್ಕನ ಆಪರೇಷನ್ ದಿನ."

ಇಂಜಿನಿಯರ್ ಫಾರಂ ಓದಿ, ಮೀಟರನ್ನು ಮನೆಗೆ ಕಳಿಸಲಿಲ್ಲ. ಒಂದು ವರ್ಷ ಸ್ಟೋರಿಗೆ ಹಾಕಿದರು. ಹಲ್ಲಿಗೆ ಒಬ್ಬನೇ ಹತ್ತಿದ್ದಕ್ಕೆ ಎಚ್ಚರಿಕೆಯ ಪತ್ರ. ಆ ಒಂದು ವರ್ಷ ಹಲ್ಲಿ ಬೇರೊಬ್ಬನ ನಂಬರು ಕೇಳಿ ಕೆಲಸ ಮಾಡಿದ. ಸಂಜೆ ಸ್ಟೋರಿನ ಮೆಟ್ಟಿಲ ಮೇಲೆ ಕೂತು, "ಅವನು ಐವತ್ತೆಂಟನ್ನೂ ಎಂಬತ್ತನ್ನೂ ಒಂದೇ ರಾಗದಲ್ಲಿ ಹೇಳ್ತಾನೆ, ಖುಷಿನೂ ಇಲ್ಲ ದುಃಖನೂ ಇಲ್ಲ" ಎಂದು ದೂರುತ್ತಿದ್ದ. ವರ್ಷ ತುಂಬಿದ ದಿನ ಮೀಟರು ಮತ್ತೆ ಚೀಲ ಸೇರಿತು. ಆಮೇಲೆ ಅವರು ಕೂರಿಸಿದ ಪ್ರತಿ ತಟ್ಟೆಯನ್ನೂ ಎರಡು ಸಲ ಹಾಯಿಸಿ ನೋಡಿದರು, ಒಮ್ಮೆ ಫಾರಮ್ಮಿಗೆ, ಒಮ್ಮೆ ಸುಮ್ಮನೆ.

ತಟ್ಟೆ ಸರಿಹೋದ ಆ ವರ್ಷದ ಮಳೆಗಾಲದಲ್ಲಿ ಏಳನೆಯದು ಎರಡು ಸಲ ಸೈರನ್ ಕೂಗಿಸಿತು. ಹೊಳೆಯಂಚಿನ ಬೀದಿಯವರು ಬೈದುಕೊಳ್ಳುತ್ತ ಹಾಸಿಗೆ ಸುತ್ತಿಕೊಂಡು ಎತ್ತರಕ್ಕೆ ಹೋದರು, ಎರಡು ದಿನಕ್ಕೆ ಮರಳಿದರು. ಅವರಲ್ಲಿ ಯಾರಿಗೂ ಹಲ್ಲಿ ಯಾರೆಂದು ಗೊತ್ತಿಲ್ಲ.

ಕಳೆದ ವಾರ ಆಫೀಸಿನವರು ಅವನ ಸಾಮಾನಿನ ಚೀಲ ಮನೆಗೆ ಕಳಿಸಿದರು. ಅಕ್ಕ ಒಂದೊಂದನ್ನೇ ತೆಗೆದು ಪೇಪರಿನ ಮೇಲಿಟ್ಟಳು. ಸ್ಪ್ಯಾನರುಗಳು, ಸವೆದ ಕೈಗವಸು, ಕಡಲೆಕಾಯಿಯ ಸಿಪ್ಪೆ, ತಳದಲ್ಲಿ ಕೆಂಪು ಬಾಟಲಿ. ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಅಲುಗಾಡಿಸಿ ನೋಡಿದಳು. ಗಟ್ಟಿಯಾಗಿ ಕಲ್ಲಾಗಿತ್ತು.

"ನೋಡ್ರೀ," ಎಂದಳು, "ಕೊನೇವರೆಗೂ ಮುಚ್ಚಳ ಸರಿಯಾಗಿ ಹಾಕ್ಲಿಲ್ಲ."

ಮೀಟರ್ ಅದನ್ನು ಕೈಗೆ ತೆಗೆದುಕೊಂಡು, ಇನ್ನು ಬಿಗಿದು ಪ್ರಯೋಜನವಿಲ್ಲವೆಂದು ಗೊತ್ತಿದ್ದೂ, ಮುಚ್ಚಳ ಬಿಗಿದಿಟ್ಟ.